ಹಿತ್ತಲ ಗಿಡದಿಂದ ಸಲೈನ್ ಬಾಟಲಿಯವರೆಗೆ

ವಿಜಯಪುರದ ಸೊಲ್ಲಾಪುರ ರಸ್ತೆ ಸುತ್ತಿನ ಜನರಿಗೆ ಎರಡು ಕಾರಣಕ್ಕೆ ಪರಿಚಿತ. ಒಂದು, ಸೊಲ್ಲಾಪುರದ ಜವಳಿ, ವ್ಯಾಪಾರ, ನೆಂಟಸ್ತಿಕೆ. ಇನ್ನೊಂದು, ಆಸ್ಪತ್ರೆ. ಬಿ.ಎಲ್.ಡಿ.ಇ. ಸಂಸ್ಥೆ 1986ರಲ್ಲಿ ಆರಂಭಿಸಿದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇರುವುದು ಇದೇ ರಸ್ತೆಯಲ್ಲಿ. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ಹಳ್ಳಿಗಳ ಜನ ದೊಡ್ಡ ಕಾಯಿಲೆ ಎಂದರೆ ಈ ರಸ್ತೆಗೆ ಬರುತ್ತಾರೆ. ಕ್ಯಾನ್ಸರ್ ಎಂಬ ಮಾತು ಬಂದರೆ ಕೆಲವರು ಇದೇ ದಾರಿ ಹಿಡಿದು ಉತ್ತರಕ್ಕೆ ಸೊಲ್ಲಾಪುರ, ಬಾರ್ಶಿಯ ಆಸ್ಪತ್ರೆಗಳಿಗೆ ಹೋಗುತ್ತಾರೆ. ಕೆಲವರು ದಕ್ಷಿಣಕ್ಕೆ ತಿರುಗಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಇವೆರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿಯುವವರೂ ಇದ್ದಾರೆ. ಅದು ನಾಟಿ ಮದ್ದಿನ ದಾರಿ.

ಈ ಕವಲಿನಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: "ಇಂಗ್ಲಿಷ್ ಔಷಧ ಉಷ್ಣ, ಕೂದಲಾ ಉದುರ್ತಾವ. ಗಿಡದ ಔಷಧ ತಂಪು, ಗುಣಾ ಆಗದಿದ್ರೂ ಕೇಡಿಲ್ಲ." ಒಂದು ಕಡೆ ಕಾರ್ಖಾನೆಯ ವಿಷ, ಇನ್ನೊಂದು ಕಡೆ ಪ್ರಕೃತಿಯ ಅಮೃತ ಎಂಬ ಈ ವಿಂಗಡಣೆ ಬಹಳ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಹೆಂಗಸರನ್ನು ಕಾಡುವ ಅಂಡಾಶಯದ ಕ್ಯಾನ್ಸರಿನ ಮಟ್ಟಿಗೆ ಇತಿಹಾಸದ ಎದುರು ಈ ವಿಂಗಡಣೆ ನಿಲ್ಲುವುದಿಲ್ಲ. ಈ ರೋಗಕ್ಕೆ ಸಲೈನ್ ಬಾಟಲಿಯಲ್ಲಿ ಬೆರೆಸಿ ಕೊಡುವ ಮುಖ್ಯ ಔಷಧಗಳಲ್ಲಿ ಮೂರು ಹುಟ್ಟಿದ್ದು ಗಿಡಮರಗಳಿಂದಲೇ. ಒಂದರ ಮೂಲ ತೊಗಟೆ, ಇನ್ನೊಂದರ ಮೂಲ ದುರ್ವಾಸನೆ ಬೀರುವ ನಮ್ಮ ಮಲೆನಾಡಿನ ಮರದಲ್ಲೂ ಇದೆ, ಮತ್ತೊಂದು ಗಡ್ಡೆಬೇರಿನಿಂದ ಬಂದದ್ದು. ಗಿಡ ಮದ್ದಾದ ಆ ದಾರಿ ಎಷ್ಟು ಉದ್ದದ್ದು, ಎಷ್ಟು ಕಠಿಣವಾದದ್ದು ಎಂಬುದನ್ನು ತಿಳಿದರೆ, ಮೂರನೆಯ ದಾರಿಯ ಅಪಾಯವೂ ತಾನಾಗಿ ತಿಳಿಯುತ್ತದೆ.

ಸದ್ದಿಲ್ಲದೆ ಬರುವ ರೋಗ

ಅಂಡಾಶಯಗಳು ಕಿಬ್ಬೊಟ್ಟೆಯ ಆಳದಲ್ಲಿ ಗರ್ಭಕೋಶದ ಎಡಬಲಕ್ಕೆ ಇರುವ, ಬಾದಾಮಿಯಷ್ಟು ಗಾತ್ರದ ಎರಡು ಗ್ರಂಥಿಗಳು. ಸ್ತನದಲ್ಲಿ ಗಂಟಾದರೆ ಕೈಗೆ ಸಿಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ಅಕಾಲದ ರಕ್ತಸ್ರಾವದಿಂದ ಸುಳಿವು ಕೊಡುತ್ತದೆ. ಅಂಡಾಶಯದ ಗಂಟು ಮಾತ್ರ ಹೊಟ್ಟೆಯೊಳಗಿನ ವಿಶಾಲ ಜಾಗದಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಅದು ಕೊಡುವ ಸೂಚನೆಗಳೂ ದಿನನಿತ್ಯದ ತೊಂದರೆಗಳಂತೆಯೇ ಇರುತ್ತವೆ: ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆಯಲ್ಲಿ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಮನೆಯ ಹೆಂಗಸು ಇದನ್ನು ಗ್ಯಾಸ್ ಎಂದುಕೊಂಡು ಓಮ ಜಗಿದು ಸುಮ್ಮನಾಗುತ್ತಾಳೆ. ಹೊಟ್ಟೆಯಲ್ಲಿ ನೀರು ತುಂಬಿ ಸೀರೆಯ ನಿರಿಗೆ ಬಿಗಿಯಾದಾಗ ವೈದ್ಯರ ಬಳಿ ಬರುತ್ತಾಳೆ. ಆ ಹೊತ್ತಿಗೆ ನಾಲ್ವರಲ್ಲಿ ಸುಮಾರು ಮೂವರಿಗೆ ರೋಗ ಅಂಡಾಶಯ ದಾಟಿ ಹೊಟ್ಟೆಯ ಪದರಗಳಿಗೆ ಹರಡಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2022ರ ಅಂದಾಜಿನಂತೆ, ಒಂದು ವರ್ಷದಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ 24 ಸಾವಿರ ಹೆಂಗಸರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಭಾರತದಲ್ಲಿ ಈ ಸಂಖ್ಯೆ ಸುಮಾರು 47 ಸಾವಿರ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ನಂತರದ ಸ್ಥಾನ ಇದರದ್ದು. ಚಿಕಿತ್ಸೆಯಲ್ಲಿ ಎರಡು ಭಾಗ. ಶಸ್ತ್ರಚಿಕಿತ್ಸೆಯಿಂದ ಸಾಧ್ಯವಾದಷ್ಟು ಗಂಟನ್ನು ತೆಗೆಯುವುದು ಒಂದು; ಉಳಿದ ರೋಗಕಣಗಳನ್ನು ಔಷಧದಿಂದ ಕೊಲ್ಲುವುದು ಇನ್ನೊಂದು. ಈ ಔಷಧ ಚಿಕಿತ್ಸೆಯೇ ಜನರ ಬಾಯಲ್ಲಿ 'ಕಿಮೋ'. ಪ್ರಪಂಚದ ಎಲ್ಲ ಕಡೆ ಮೊದಲು ಕೊಡುವುದು ಎರಡು ಔಷಧಗಳ ಜೋಡಿ. ಒಂದು ಪ್ಲಾಟಿನಂ ಲೋಹದಿಂದ ತಯಾರಾದ ಕಾರ್ಬೋಪ್ಲಾಟಿನ್. ಇನ್ನೊಂದು ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್.

ವಿಷವೇ ಮದ್ದಾದ ಬಗೆ

ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಹುಳ ಬಂದರೂ ದನ ಬಂದರೂ ನಿಂತ ಜಾಗದಲ್ಲೇ ಎದುರಿಸಬೇಕು. ಅದಕ್ಕಾಗಿ ಎಷ್ಟೋ ಗಿಡಗಳು ಎಲೆ, ತೊಗಟೆ, ಬೇರುಗಳಲ್ಲಿ ವಿಷ ತಯಾರಿಸಿ ಇಟ್ಟುಕೊಂಡಿರುತ್ತವೆ. ಕ್ಯಾನ್ಸರಿಗೆ ಮದ್ದಾದ ಗಿಡಗಳೆಲ್ಲ ಈ ವಿಷದ ಗಿಡಗಳೇ.

ಯೂರೋಪಿನ ಯೂ ಮರದ ಮಾತನ್ನೇ ನೋಡಿ. ಕ್ರಿಸ್ತಪೂರ್ವ 53ರಲ್ಲಿ ರೋಮನ್ನರಿಗೆ ಸೋತ ಗಾಲ್ ನಾಡಿನ ಮುದಿ ಅರಸ ಕಟುವೊಲ್ಕಸ್ ಈ ಮರದ ವಿಷ ಸೇವಿಸಿ ಪ್ರಾಣ ಬಿಟ್ಟನೆಂದು ಜೂಲಿಯಸ್ ಸೀಸರ್ ತನ್ನ ಯುದ್ಧದ ಬರವಣಿಗೆಯಲ್ಲಿ ದಾಖಲಿಸಿದ್ದಾನೆ. ಎರಡು ಸಾವಿರ ವರ್ಷಗಳ ನಂತರ ಅಂಡಾಶಯದ ಕ್ಯಾನ್ಸರಿಗೆ ಮದ್ದು ಸಿಕ್ಕಿದ್ದು ಅದೇ ಜಾತಿಯ ಇನ್ನೊಂದು ಮರದಲ್ಲಿ.

ಗಿಡದ ವಿಷ ಕ್ಯಾನ್ಸರಿಗೆ ಮದ್ದಾಗಬಲ್ಲದು ಎಂಬುದನ್ನು ಮೊದಲು ಜಗತ್ತಿಗೆ ಖಚಿತಪಡಿಸಿದ್ದು ನಮ್ಮ ಅಂಗಳಗಳಲ್ಲೂ ಗುಡಿಗಳ ಮುಂದೆಯೂ ಬೆಳೆಯುವ ನಿತ್ಯಪುಷ್ಪ. ಕಾಶಿ ಕಣಗಿಲೆ ಎಂದೂ ಇದನ್ನು ಕರೆಯುತ್ತಾರೆ; ಮರಾಠಿಯವರಿಗೆ ಇದು ಸದಾಫುಲಿ. ಜಮೈಕಾ ದ್ವೀಪದಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಆ ನಂಬಿಕೆಯನ್ನು ಪರೀಕ್ಷಿಸಲು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳಿಗೆ ಅದರ ಸಾರ ಕೊಟ್ಟರು. ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳ ರಕ್ತದ ಬಿಳಿಕಣಗಳು ಕುಸಿದವು. ಬಿಳಿಕಣಗಳನ್ನು ಕೊಲ್ಲುವ ವಸ್ತು, ಬಿಳಿಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಏಕೆ ಮದ್ದಾಗಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತು. 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಪ್ರಕಟಿಸಿದರು. ಅದರ ಸೋದರ ವಿನ್‌ಕ್ರಿಸ್ಟಿನ್ ಮುಂದೆ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಾಯಿಸಿತು. 1970ರ ದಶಕದಲ್ಲಿ ಎಳೆಯ ಹೆಣ್ಣುಮಕ್ಕಳ ಅಂಡಾಶಯದ ಗಂಟಿಗೂ ಬಳಕೆಯಾಯಿತು. ಗಮನಿಸಬೇಕಾದ ಸಂಗತಿ ಏನೆಂದರೆ, ಜನ ನಂಬಿದ್ದ ಗುಣ ಗಿಡದಲ್ಲಿ ಕಾಣಲಿಲ್ಲ. ಜನರಿಗೆ ಗೊತ್ತಿಲ್ಲದ ಗುಣ ಅದರಲ್ಲಿತ್ತು. ಪರೀಕ್ಷೆ ಮಾಡದೆ ಇದ್ದಿದ್ದರೆ ಎರಡೂ ತಿಳಿಯುತ್ತಿರಲಿಲ್ಲ.

ನಂದೂರಬಾರದ ವಿಜ್ಞಾನಿ

ಈ ಯಶಸ್ಸಿನಿಂದ ಉತ್ತೇಜನಗೊಂಡ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಲ್ಲಿ ಅಲ್ಲಿನ ಕೃಷಿ ಇಲಾಖೆಯ ಜೊತೆ ಸೇರಿ ಗಿಡಗಳ ದೊಡ್ಡ ತಪಾಸಣೆಗೆ ಕೈಹಾಕಿತು. ಸುಮಾರು 20 ವರ್ಷಗಳಲ್ಲಿ 35 ಸಾವಿರದಷ್ಟು ಸಸ್ಯಜಾತಿಗಳ ಸಾರವನ್ನು ಪರೀಕ್ಷಿಸಲಾಯಿತು. 1962ರ ಆಗಸ್ಟಿನಲ್ಲಿ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಎಂಬ ಮರದ ತೊಗಟೆ ಮತ್ತು ರೆಂಬೆಗಳನ್ನು ಚೀಲಕ್ಕೆ ತುಂಬಿ ಕಳಿಸಿದರು. ಅಲ್ಲಿನ ಮರ ಕಡಿಯುವವರು ಬೇಡದ ಕಸವೆಂದು ಸುಟ್ಟುಹಾಕುತ್ತಿದ್ದ ಮರ ಅದು.

ತೊಗಟೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ಗೊತ್ತಾದಾಗ ಅದನ್ನು ಉತ್ತರ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟಿನ ಮನ್ರೋ ವಾಲ್ ಮತ್ತು ಮನಸುಖ ವಾಣಿ ಅವರಿಗೆ ಒಪ್ಪಿಸಲಾಯಿತು. ಈ ಎರಡನೆಯ ಹೆಸರನ್ನು ನಮ್ಮ ಕಡೆಯವರು ನೆನಪಿಡಬೇಕು. ವಾಣಿ ಹುಟ್ಟಿದ್ದು 1925ರಲ್ಲಿ, ಮಹಾರಾಷ್ಟ್ರದ ಖಾನದೇಶದ ನಂದೂರಬಾರದಲ್ಲಿ. ನಾವು ಸೊಲ್ಲಾಪುರ ರಸ್ತೆ ಎಂದು ಕರೆಯುವುದು ರಾಷ್ಟ್ರೀಯ ಹೆದ್ದಾರಿ 52ರ ಒಂದು ತುಂಡು. ಹಿಂದೆ ಇದಕ್ಕೆ ಹೆದ್ದಾರಿ 13 ಎಂಬ ಹೆಸರಿತ್ತು. ಈಗಿನ 52 ಪಂಜಾಬಿನ ಸಂಗ್ರೂರಿನಿಂದ ಹೊರಟು ಧುಳೆ, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳನ್ನು ದಾಟಿ ಅಂಕೋಲಾದಲ್ಲಿ ಕಡಲ ಬಳಿ ಮುಗಿಯುತ್ತದೆ. ಈ ರಸ್ತೆ ಹಾಯುವ ಧುಳೆಯ ನೆರೆಯದು ನಂದೂರಬಾರ. 1998ರವರೆಗೆ ಅದು ಧುಳೆ ಜಿಲ್ಲೆಯ ಭಾಗವೇ ಆಗಿತ್ತು. ಮುಂಬಯಿಯಲ್ಲಿ ಓದಿದ ವಾಣಿ ಅಮೆರಿಕಕ್ಕೆ ಹೋಗಿ 1962ರಲ್ಲಿ ಡಾಕ್ಟರೇಟ್ ಮುಗಿಸಿ ಅದೇ ವರ್ಷ ವಾಲ್ ಅವರ ಪ್ರಯೋಗಾಲಯ ಸೇರಿದರು. ಅವರು 2020ರಲ್ಲಿ ತೀರಿಕೊಂಡರು.

ತೊಗಟೆಯಲ್ಲಿ ಅಡಗಿದ್ದ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಟ್ಯಾಕ್ಸಾಲ್ ಎಂದು ಹೆಸರಿಟ್ಟು, ಅದರ ಅಣುರಚನೆಯನ್ನು ಈ ಇಬ್ಬರೂ ಸಂಗಡಿಗರೊಡನೆ 1971ರಲ್ಲಿ ಪ್ರಕಟಿಸಿದರು. ಆದರೆ ಅದಕ್ಕೆ ಆಗ ದೊಡ್ಡ ಸ್ವಾಗತವೇನೂ ಸಿಗಲಿಲ್ಲ. ವಸ್ತು ನೀರಿನಲ್ಲಿ ಕರಗುವುದಿಲ್ಲ, ತೊಗಟೆಯಲ್ಲಿ ಸಿಗುವುದು ಅತ್ಯಲ್ಪ, ಮರ ಬೆಳೆಯುವುದು ಅತಿ ನಿಧಾನ. 1979ರಲ್ಲಿ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಅದು ಕೆಲಸ ಮಾಡುವ ರೀತಿಯನ್ನು ಬಿಡಿಸಿ ತೋರಿಸಿದಾಗ ಚಿತ್ರ ಬದಲಾಯಿತು.

ಆ ರೀತಿಯನ್ನು ಹೀಗೆ ತಿಳಿಯಬಹುದು. ಒಂದು ಜೀವಕೋಶ ಎರಡಾಗಬೇಕಾದರೆ ಒಳಗೆ ಸಣ್ಣ ಸಣ್ಣ ಹುರಿಗಳ ಚಪ್ಪರವೊಂದನ್ನು ಕಟ್ಟುತ್ತದೆ. ವರ್ಣತಂತುಗಳನ್ನು ಈ ಹುರಿಗಳು ಎರಡು ಕಡೆಗೆ ಎಳೆಯುತ್ತವೆ. ಕೆಲಸ ಮುಗಿದ ಮೇಲೆ, ಮದುವೆ ಮುಗಿದ ಮನೆಯವರು ಚಪ್ಪರ ಬಿಚ್ಚುವಂತೆ, ಕೋಶ ಅದನ್ನು ಬಿಚ್ಚಿಹಾಕುತ್ತದೆ. ನಿತ್ಯಪುಷ್ಪದ ಔಷಧ ಈ ಚಪ್ಪರವನ್ನು ಕಟ್ಟಲು ಬಿಡುವುದಿಲ್ಲ. ಟ್ಯಾಕ್ಸಾಲ್ ಅದಕ್ಕೆ ತದ್ವಿರುದ್ಧ. ಕಟ್ಟಿದ ಹುರಿಗಳನ್ನು ಬಿಚ್ಚಲು ಬಿಡುವುದಿಲ್ಲ. ಗಂಟು ಬಿಗಿದ ಚಪ್ಪರದೊಳಗೆ ಸಿಕ್ಕಿಕೊಂಡ ಕೋಶ ಒಡೆಯಲಾರದೆ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಸದಾ ಒಡೆಯುತ್ತಲೇ ಇರುವುದರಿಂದ ಪೆಟ್ಟು ಅವಕ್ಕೆ ಹೆಚ್ಚು. ಆದರೆ ಕೂದಲ ಬುಡದ ಕೋಶಗಳೂ, ರಕ್ತ ತಯಾರಿಸುವ ಮಜ್ಜೆಯ ಕೋಶಗಳೂ ವೇಗವಾಗಿ ಒಡೆಯುವಂಥವೇ. ಅವಕ್ಕೂ ಪೆಟ್ಟು ಬೀಳುತ್ತದೆ. ಕೂದಲು ಉದುರುವುದು ಇಂಗ್ಲಿಷ್ ಔಷಧದ ಉಷ್ಣದಿಂದಲ್ಲ, ಮರದ ವಿಷ ತನ್ನ ಕೆಲಸ ಮಾಡುತ್ತಿರುವುದರಿಂದ.

ನೀರಿನಲ್ಲಿ ಕರಗದ ಈ ವಸ್ತುವನ್ನು ರಕ್ತನಾಳಕ್ಕೆ ಸೇರಿಸುವುದು ಹೇಗೆ? ಅದಕ್ಕೆ ಸಿಕ್ಕ ಉಪಾಯವೂ ಗಿಡದ್ದೇ. ನಮ್ಮ ಹೊಲಗಳ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಮದ್ಯಸಾರದ ಜೊತೆ ಬೆರೆಸಿ ಅದರಲ್ಲಿ ಔಷಧವನ್ನು ಕರಗಿಸಿದರು. ಆದರೆ ಮೊದಲ ರೋಗಿಗಳಲ್ಲಿ ಕೆಲವರಿಗೆ ಆ ದ್ರಾವಣದಿಂದ ತೀವ್ರ ಅಲರ್ಜಿಯಾಗಿ, 1984ರಲ್ಲಿ ಆರಂಭವಾದ ಪ್ರಯೋಗ ನಿಂತೇ ಹೋಗುವ ಸ್ಥಿತಿ ಬಂತು. ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಇಳಿಸುವುದು, ಮೊದಲೇ ಅಲರ್ಜಿ ತಡೆಯುವ ಚುಚ್ಚುಮದ್ದು ಕೊಡುವುದು ಎಂಬ ಕ್ರಮ ರೂಢಿಗೆ ಬಂದದ್ದು ಆಗ. ಇಂದಿಗೂ ಕಿಮೋ ಕೋಣೆಯಲ್ಲಿ ದಾದಿಯರು ಮೊದಲು ಕೊಡುವ ಒಂದೆರಡು ಇಂಜೆಕ್ಷನ್ನುಗಳ ಹಿಂದೆ ಈ ಚರಿತ್ರೆ ಇದೆ.

1989ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಮೆಗ್ವೈರ್ ಮತ್ತು ಸಂಗಡಿಗರು ತಮ್ಮ ಅನುಭವವನ್ನು ಪ್ರಕಟಿಸಿದರು. ಬೇರೆ ಯಾವ ಔಷಧಕ್ಕೂ ಬಗ್ಗದ ಅಂಡಾಶಯದ ಕ್ಯಾನ್ಸರಿನ 40 ರೋಗಿಗಳಲ್ಲಿ 12 ಮಂದಿಯ ಗಂಟು ಟ್ಯಾಕ್ಸಾಲಿನಿಂದ ಕುಗ್ಗಿತ್ತು. ಶೇಕಡಾ 30 ಎಂಬುದು ಹೊರಗಿನವರಿಗೆ ಸಣ್ಣ ಸಂಖ್ಯೆ ಎನಿಸಬಹುದು. ಕೈಚೆಲ್ಲಿದ್ದ ವೈದ್ಯರಿಗೆ ಅದು ದೊಡ್ಡ ಸುದ್ದಿ. 1992ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಔಷಧಕ್ಕೆ ಅನುಮತಿ ಕೊಟ್ಟಿತು. ಮೊದಲ ಅನುಮತಿ ಸಿಕ್ಕಿದ್ದೇ ಅಂಡಾಶಯದ ಕ್ಯಾನ್ಸರಿಗೆ. 1996ರಲ್ಲಿ ಪ್ರಕಟವಾದ, 400ಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡ ಪರೀಕ್ಷೆಯಲ್ಲಿ ಹಳೆಯ ಔಷಧಜೋಡಿ ಪಡೆದವರ ಮಧ್ಯಸ್ಥ ಆಯಸ್ಸು 24 ತಿಂಗಳಿದ್ದರೆ, ಹಳೆಯ ಜೋಡಿಯ ಒಂದು ಔಷಧದ ಜಾಗದಲ್ಲಿ ಟ್ಯಾಕ್ಸಾಲ್ ಪಡೆದವರದು 38 ತಿಂಗಳಾಗಿತ್ತು. ಬಾರ್ಕ್ಲೇ ತೊಗಟೆ ಸುಲಿದ ದಿನದಿಂದ ಇಲ್ಲಿಗೆ 34 ವರ್ಷ.

ಒಬ್ಬ ರೋಗಿಗೆ ಆರು ಮರ

ಔಷಧ ಗೆದ್ದಿತು, ಮರ ಸೋಲತೊಡಗಿತು. ನೂರು ವರ್ಷದ ಒಂದು ಪೆಸಿಫಿಕ್ ಯೂ ಮರ ಕೊಡುವ ತೊಗಟೆ ಸುಮಾರು 3 ಕಿಲೋ. ಅದರಿಂದ ಸಿಗುವ ಔಷಧ ಸುಮಾರು 300 ಮಿಲಿಗ್ರಾಂ, ಅಂದರೆ ಒಂದೇ ಸಲದ ಡೋಸ್. ಚಿಕಿತ್ಸೆಯಲ್ಲಿ ಮೂರು ವಾರಕ್ಕೊಮ್ಮೆ ಆರು ಸಲ ಕೊಡುವುದು ಸಾಮಾನ್ಯ. ಲೆಕ್ಕ ಸ್ಪಷ್ಟವಾಗಿದೆ: ಒಬ್ಬ ಹೆಂಗಸಿಗೆ ಆರು ಶತಾಯುಷಿ ಮರಗಳು. ತೊಗಟೆ ಪೂರ್ತಿ ಸುಲಿದ ಮೇಲೆ ಮರ ಬದುಕುವುದಿಲ್ಲ. ರೋಗಿಯ ಪ್ರಾಣ ದೊಡ್ಡದೋ ಕಾಡು ದೊಡ್ಡದೋ ಎಂಬ ವಾದ 1990ರ ಸುಮಾರಿಗೆ ಅಮೆರಿಕದ ಪತ್ರಿಕೆಗಳಲ್ಲಿ ಬಿಸಿಯಾಗಿ ನಡೆಯಿತು.

ಬಿಕ್ಕಟ್ಟು ಬಿಡಿಸಿದ್ದು ರಸಾಯನಶಾಸ್ತ್ರ. ಯೂರೋಪಿನ ಯೂ ಮರದ ಎಲೆಗಳಲ್ಲಿ ಟ್ಯಾಕ್ಸಾಲಿನ ಅರ್ಧಕ್ಕೂ ಹೆಚ್ಚು ಭಾಗ ಸಿದ್ಧವಾಗಿಯೇ ಇರುವ ಒಂದು ವಸ್ತುವನ್ನು ಫ್ರಾನ್ಸಿನ ಪಿಯರ್ ಪೋತಿಯೆ ಅವರ ತಂಡ ಗುರುತಿಸಿತು. ಫ್ಲಾರಿಡಾದ ರಾಬರ್ಟ್ ಹಾಲ್ಟನ್ ಅದಕ್ಕೆ ಉಳಿದ ಭಾಗವನ್ನು ಜೋಡಿಸುವ ಸುಲಭ ವಿಧಾನ ಕಂಡುಹಿಡಿದರು. ತೊಗಟೆ ಸುಲಿದರೆ ಮರ ಸಾಯುತ್ತದೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. 1994ರಲ್ಲಿ ಈ ಅರೆಕೃತಕ ಔಷಧಕ್ಕೂ ಅನುಮತಿ ದೊರೆಯಿತು. ಮುಂದೆ ಯೂ ಗಿಡದ ಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಔಷಧ ತೆಗೆಯುವ ವಿಧಾನವೂ ಬಂತು.

ಆದರೆ ಆ ನಡುವಿನ ವರ್ಷಗಳಲ್ಲಿ ಹಿಮಾಲಯದ ಯೂ ಮರಕ್ಕೆ ದೊಡ್ಡ ಹೊಡೆತ ಬಿದ್ದಿತ್ತು. ಅಲ್ಲಿನ ಜನ ಥುನೇರ್ ಎಂದು ಕರೆಯುವ ಈ ಮರದ ಎಲೆ, ತೊಗಟೆಗಳನ್ನು ಮೂಟೆಗಟ್ಟಲೆ ಸಾಗಿಸಲಾಯಿತು. 1995ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿರುವ ಸಸ್ಯಗಳ ಪಟ್ಟಿಗೆ ಇದನ್ನು ಸೇರಿಸಬೇಕಾಯಿತು.

ನಮ್ಮ ಘಟ್ಟದ ದುರ್ವಾಸನೆ ಮರ

ಇನ್ನು ಹೆದ್ದಾರಿಯ ದಕ್ಷಿಣದ ತುದಿಗೆ ಬರೋಣ. ಹುಬ್ಬಳ್ಳಿ ದಾಟಿ ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿಯುವಾಗ ಈ ರಸ್ತೆ ಸಹ್ಯಾದ್ರಿಯನ್ನು ಹಾಯುತ್ತದೆ. ಉತ್ತರ ಕನ್ನಡ, ಶಿವಮೊಗ್ಗ, ಕೊಡಗಿನ ಇಂಥ ಕಾಡುಗಳಲ್ಲಿ ಒಂದು ಸಣ್ಣ ಮರ ಬೆಳೆಯುತ್ತದೆ. ಹೂ ಬಿಟ್ಟಾಗ ಕೆಟ್ಟ ವಾಸನೆ ಬೀರುವುದರಿಂದ ಜನ ಅದಕ್ಕೆ ಇಟ್ಟ ಹೆಸರೇ ದುರ್ವಾಸನೆ ಮರ. ಮರಾಠಿಯವರು ನರ್ಕ್ಯಾ ಎನ್ನುತ್ತಾರೆ. ಉರುವಲಿಗೂ ಒಲ್ಲದ ಈ ಮರಕ್ಕೆ ಬೆಲೆ ಬಂದ ಕಥೆಯಲ್ಲೂ ವಾಲ್ ಮತ್ತು ವಾಣಿ ಅವರೇ ಮೊದಲಿಗರು.

1966ರಲ್ಲಿ ಅವರು ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. 1972ರಲ್ಲಿ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿ, ಅದೂ ಚೀನಾದ ಮರಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇದೆ ಎಂದು ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತೋರಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗೋವಿಂದಾಚಾರಿ ಆಗ ಮುಂಬಯಿ ಗೋರೆಗಾಂವದ ಸೀಬಾ ಸಂಶೋಧನಾ ಕೇಂದ್ರದ ಮುಖ್ಯಸ್ಥರು. ಭಾರತೀಯ ಗಿಡಗಳ ರಸಾಯನವನ್ನು ಜೀವಮಾನವಿಡೀ ಶೋಧಿಸಿದವರು.

ವಿಪರ್ಯಾಸವೆಂದರೆ, ಅದೇ ಹೊತ್ತಿಗೆ ಅಮೆರಿಕದಲ್ಲಿ ಈ ವಸ್ತುವಿನ ಮೇಲಿನ ಆಸೆ ಕಮರುತ್ತಿತ್ತು. ನೀರಿನಲ್ಲಿ ಕರಗಲೆಂದು ಅದನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಸುರಿಯಿತು, ವಾಂತಿಭೇದಿಯಾಯಿತು. ಪ್ರಯೋಗ ನಿಲ್ಲಿಸಲಾಯಿತು. ಹತ್ತು ವರ್ಷಕ್ಕೂ ಮೀರಿ ಅದನ್ನು ಯಾರೂ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ. 1985ರಲ್ಲಿ ಅದು ಕೋಶದೊಳಗಿನ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ ಎಂದು ತಿಳಿಯಿತು. ವಂಶತಂತು ನಕಲಾಗುವಾಗ ಹಗ್ಗದಂತೆ ಸುರುಳಿ ಬಿಗಿಯುತ್ತದೆ. ಆ ಬಿಗುವನ್ನು ಸಡಿಲಿಸುವ ಕಿಣ್ವ ಅದು. ಕಿಣ್ವದ ಕೈಕಟ್ಟಿದರೆ ಹಗ್ಗ ತುಂಡಾಗುತ್ತದೆ, ಕೋಶ ಸಾಯುತ್ತದೆ. ಬೀಗದ ರೂಪ ಗೊತ್ತಾದ ಮೇಲೆ ಕೀಲಿಕೈಯನ್ನು ತಿದ್ದುವುದು ಸಾಧ್ಯವಾಯಿತು. ಅಣುವನ್ನು ಅಲ್ಪಸ್ವಲ್ಪ ಬದಲಾಯಿಸಿ, ಮೂತ್ರಕೋಶವನ್ನು ಹಾಗೆ ಕಾಡದ, ನೀರಿನಲ್ಲಿ ಕರಗುವ ಟೋಪೋಟೆಕಾನ್ ತಯಾರಾಯಿತು. 1996ರ ಮೇ ತಿಂಗಳಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಮೊದಲ ಚಿಕಿತ್ಸೆಯ ನಂತರ ಮರಳಿ ಬಂದ ಅಂಡಾಶಯದ ಕ್ಯಾನ್ಸರಿಗೆ ಇದು ಬಳಕೆಯಾಗುತ್ತದೆ. ಮೂಲ ವಸ್ತು ರೋಗಿಗೆ ಅಪಾಯ, ತಿದ್ದಿದ ವಸ್ತು ಮದ್ದು: ಈ ಒಂದು ಉದಾಹರಣೆಯೇ ಗಿಡಕ್ಕೂ ಔಷಧಕ್ಕೂ ನಡುವೆ ಇರುವ ದೂರವನ್ನು ತೋರಿಸುತ್ತದೆ.

ಬೇಡಿಕೆ ಹೆಚ್ಚಿದಂತೆ ಘಟ್ಟದ ದುರ್ವಾಸನೆ ಮರಕ್ಕೂ ಕೊಡಲಿ ಬಿತ್ತು. ಮರ, ಬೇರುಗಳನ್ನು ಚಕ್ಕೆ ಮಾಡಿ ಹೊರದೇಶಗಳಿಗೆ ಸಾಗಿಸಲಾಯಿತು. ಮರ ಎಲ್ಲಿ ಎಷ್ಟು ಉಳಿದಿದೆ, ಯಾವ ಮರದಲ್ಲಿ ಔಷಧದ ಅಂಶ ಹೆಚ್ಚು ಎಂಬುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಓಡಾಡಿ ಅಧ್ಯಯನ ಮಾಡಿದರು. ಕಾದಂಬರಿಕಾರರಾಗಿ ಕನ್ನಡ ಓದುಗರಿಗೆ ಪರಿಚಿತರಾದ ಕೆ.ಎನ್. ಗಣೇಶಯ್ಯ ಅವರೂ ಈ ಸಂಶೋಧನೆಗಳಲ್ಲಿ ಭಾಗಿ. ಮರ ಕಡಿಯದೆ ಔಷಧ ಪಡೆಯುವ ದಾರಿಗಳನ್ನೂ ಈ ತಂಡ ಹುಡುಕಿತು. ಹತ್ತಿರದ ಬಂಧುವಾದ ಒಂದು ಕಾಡುಬಳ್ಳಿಯ ಬೀಜದಲ್ಲಿ ಕ್ಯಾಂಪ್ಟೋಥೆಸಿನ್ ಹೇರಳವಾಗಿದೆ ಎಂದು ಕಂಡುಕೊಂಡಿತು. ಬೀಜ ಆರಿಸಿದರೆ ಬಳ್ಳಿ ಸಾಯುವುದಿಲ್ಲ. ಮರದೊಳಗೆ ವಾಸಿಸುವ ಕೆಲವು ಶಿಲೀಂಧ್ರಗಳೂ ಈ ವಸ್ತುವನ್ನು ತಯಾರಿಸುತ್ತವೆ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ಆ ಶಕ್ತಿಯನ್ನು ಕಳೆದುಕೊಳ್ಳುತ್ತವೆ.

ಎಳೆಯರನ್ನು ಉಳಿಸಿದ ಬೇರು

ಅಂಡಾಶಯದ ಕ್ಯಾನ್ಸರ್ ಹೆಚ್ಚಾಗಿ ಮುಟ್ಟು ನಿಂತವರಲ್ಲಿ ಬರುತ್ತದೆ. ಆದರೆ ಅಂಡಾಣು ತಯಾರಿಸುವ ಕೋಶಗಳಿಂದ ಹುಟ್ಟುವ ವಿರಳ ಬಗೆಯೊಂದು ಹರೆಯದ ಹುಡುಗಿಯರನ್ನು ಹಿಡಿಯುತ್ತದೆ. ಇದಕ್ಕೆ ಕೊಡುವ ಮೂರು ಔಷಧಗಳಲ್ಲಿ ಎಟೊಪೊಸೈಡ್ ಒಂದು. ಇದರ ಮೂಲ ಪೊಡೊಫಿಲಂ ಎಂಬ ಗಿಡದ ಬೇರು. ಅಮೆರಿಕದ ಮೂಲನಿವಾಸಿಗಳಿಗೆ ಗೊತ್ತಿದ್ದ, ಹಿಮಾಲಯದಲ್ಲಿ ಬನಕಕ್ಡಿ ಎಂಬ ಹೆಸರಿನ ಬಂಧುವಿರುವ ಈ ಗಿಡವೂ ವಿಷದ್ದೇ. ಸ್ವಿಟ್ಜರ್ಲೆಂಡಿನ ಸ್ಯಾಂಡೋಸ್ ಕಂಪನಿಯ ವಿಜ್ಞಾನಿಗಳು 1960ರ ದಶಕದಲ್ಲಿ ಬೇರಿನ ವಸ್ತುವನ್ನು ತಿದ್ದಿ ಎಟೊಪೊಸೈಡ್ ರೂಪಿಸಿದರು. 1983ರಲ್ಲಿ ಅದು ಅಮೆರಿಕದಲ್ಲಿ ಬಳಕೆಗೆ ಬಂತು. ಇಂಥ ಗಂಟುಗಳು ಇಂದು ಬಹುಪಾಲು ಗುಣವಾಗುತ್ತವೆ. ಗುಣವಾದವರಲ್ಲಿ ಎಷ್ಟೋ ಮಂದಿ ಮುಂದೆ ತಾಯಂದಿರೂ ಆಗುತ್ತಾರೆ.

ದ್ರಾಕ್ಷಿ, ಅರಿಶಿನ, ಹಿರೇಮದ್ದು

ಹಾಗಾದರೆ ನಮ್ಮ ಸುತ್ತಲಿನ ಗಿಡಗಳ ಮಾತೇನು? ತಿಕೋಟಾ, ಬಬಲೇಶ್ವರದ ತೋಟಗಳಲ್ಲಿ ಬೆಳೆಯುವ ದ್ರಾಕ್ಷಿಯ ಸಿಪ್ಪೆಯಲ್ಲಿ ರೆಸ್ವೆರಟ್ರಾಲ್ ಎಂಬ ವಸ್ತು ಇದೆ. ಅದಕ್ಕೆ ಕ್ಯಾನ್ಸರ್ ತಡೆಯುವ ಗುಣವಿರಬಹುದೆಂದು ಶಿಕಾಗೋದ ಸಂಶೋಧಕರು 1997ರಲ್ಲಿ ಬರೆದ ಮೇಲೆ ಅದರ ಕುರಿತು ಸಾವಿರಾರು ಲೇಖನಗಳು ಬಂದಿವೆ. ಅರಿಶಿನದ ಕುರ್ಕ್ಯುಮಿನ್ ಅದಕ್ಕಿಂತಲೂ ಹೆಸರಾಯಿತು. ಹಾಳುಭೂಮಿಯಲ್ಲೂ ಬೆಳೆಯುವ ಹಿರೇಮದ್ದು, ಅಂದರೆ ಅಶ್ವಗಂಧದ ವಿಥಫೆರಿನ್ ಎಂಬ ವಸ್ತುವನ್ನು ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಪ್ಲಾಟಿನಂ ಔಷಧದ ಜೊತೆ ಸೇರಿಸಿ ಇಲಿಗಳ ಅಂಡಾಶಯದ ಗಂಟಿನ ಮೇಲೆ ಪರೀಕ್ಷಿಸಿದ್ದಾರೆ. ಗಾಜಿನ ತಟ್ಟೆಯಲ್ಲಿ ಈ ಮೂರೂ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಪತ್ರಿಕೆಗಳಲ್ಲಿ ಆಗಾಗ ಬರುವ 'ಅರಿಶಿನದಿಂದ ಕ್ಯಾನ್ಸರ್ ಮಾಯ' ಎಂಬ ಸುದ್ದಿಗಳ ಬೇರು ಇಲ್ಲಿದೆ.

ಆದರೆ ತಟ್ಟೆ ಬೇರೆ, ಹೊಟ್ಟೆ ಬೇರೆ. ತಟ್ಟೆಯಲ್ಲಿ ಔಷಧವನ್ನು ನೇರವಾಗಿ ಕೋಶದ ಮೇಲೆ ಸುರಿಯಬಹುದು. ನುಂಗಿದ ಕುರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. ದಿನಕ್ಕೆ 8 ಗ್ರಾಂ ನುಂಗಿದವರ ರಕ್ತದಲ್ಲೂ ಕಂಡದ್ದು ಅತ್ಯಲ್ಪ. ರೆಸ್ವೆರಟ್ರಾಲ್ ರಕ್ತಕ್ಕೆ ಸೇರಿದರೂ ಯಕೃತ್ತು ಅದನ್ನು ಬೇಗ ಬದಲಾಯಿಸಿಬಿಡುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಕುರ್ಕ್ಯುಮಿನ್ ಕುರಿತ 120ಕ್ಕೂ ಹೆಚ್ಚು ಪರೀಕ್ಷೆಗಳನ್ನು ಅವಲೋಕಿಸಿ, ಸರಿಯಾದ ಹೋಲಿಕೆಯಿರುವ ಯಾವ ಪರೀಕ್ಷೆಯಲ್ಲೂ ಅದು ಗೆದ್ದಿಲ್ಲ ಎಂದು ಬರೆಯಿತು. ಅಂದರೆ ಟ್ಯಾಕ್ಸಾಲ್ 34 ವರ್ಷಗಳಲ್ಲಿ ದಾಟಿದ ಮೆಟ್ಟಿಲುಗಳಲ್ಲಿ ಇವು ಇನ್ನೂ ಕೆಳಗಿನವುಗಳಲ್ಲೇ ಇವೆ. ಮುಂದೆ ಮೇಲೆ ಹತ್ತಬಹುದು; ಸಂಶೋಧನೆ ನಡೆಯಲಿ. ಊಟದಲ್ಲಿ ಅರಿಶಿನವಿರಲಿ, ತಟ್ಟೆಯಲ್ಲಿ ದ್ರಾಕ್ಷಿಯಿರಲಿ. ಅವು ಚಿಕಿತ್ಸೆಯ ಜಾಗದಲ್ಲಿ ಕೂರಬಾರದು ಅಷ್ಟೇ.

ಜಗಳ ಎರಡು ವೈದ್ಯಗಳದ್ದಲ್ಲ

'ಹಿತ್ತಲ ಗಿಡ ಮದ್ದಲ್ಲ' ಎಂಬ ನಮ್ಮ ಗಾದೆಯನ್ನು ಹತ್ತಿರದ ವಸ್ತುವಿಗೆ ಬೆಲೆ ಕೊಡದವರನ್ನು ಹಂಗಿಸಲು ಬಳಸುತ್ತೇವೆ. ನಿತ್ಯಪುಷ್ಪದ ಕಥೆ, ದುರ್ವಾಸನೆ ಮರದ ಕಥೆ ಆ ಹಂಗಿಸುವಿಕೆಯನ್ನು ಸಮರ್ಥಿಸುತ್ತವೆ. ಆದರೆ ಅದೇ ಕಥೆಗಳು ಗಾದೆಗೆ ಇನ್ನೊಂದು ಅರ್ಥವನ್ನೂ ಕೊಡುತ್ತವೆ. ಹಿತ್ತಲ ಗಿಡ ಹಿತ್ತಲಲ್ಲಿ ಇರುವ ತನಕ ಮದ್ದಲ್ಲ. ಅದರ ಯಾವ ಅಂಶ ಕೆಲಸ ಮಾಡುತ್ತದೆ ಎಂದು ಬೇರ್ಪಡಿಸಿ, ವಿಷದ ಪಾಲನ್ನು ತಿದ್ದಿ, ಎಷ್ಟು ಕೊಡಬೇಕೆಂದು ತೂಗಿ, ನೂರಾರು ಹೆಂಗಸರ ಒಪ್ಪಿಗೆ ಪಡೆದು ಪರೀಕ್ಷಿಸಿದ ಮೇಲಷ್ಟೇ ಅದು ಮದ್ದಾಗುತ್ತದೆ. ನಿತ್ಯಪುಷ್ಪದ ಕಷಾಯದಲ್ಲಿ ಔಷಧ ಎಷ್ಟಿದೆ, ವಿಷ ಎಷ್ಟಿದೆ ಎಂದು ಕುದಿಸುವವರಿಗೂ ಗೊತ್ತಿರುವುದಿಲ್ಲ, ಕುಡಿಯುವವರಿಗೂ ಗೊತ್ತಿರುವುದಿಲ್ಲ.

ಕಳೆದುಹೋಗುವುದು ಹಣವಷ್ಟೇ ಅಲ್ಲ, ಸಮಯ. ಸದ್ದಿಲ್ಲದೆ ಹರಡುವ ಈ ರೋಗದಲ್ಲಿ ಎರಡು ಮೂರು ತಿಂಗಳು ಪುಡಿ, ಕಷಾಯಗಳಲ್ಲಿ ಹೋದರೆ ಶಸ್ತ್ರಚಿಕಿತ್ಸೆಗೆ ಸಿಗಬಹುದಾಗಿದ್ದ ಗಂಟು ಕೈಮೀರುತ್ತದೆ. ಮೂರು ವಾರಕ್ಕೂ ಹೆಚ್ಚು ಕಾಲ ಬಿಡದ ಹೊಟ್ಟೆ ಉಬ್ಬರ, ಊಟ ಸೇರದಿರುವುದು, ಸೊಂಟದ ಸುತ್ತಳತೆ ಕಾರಣವಿಲ್ಲದೆ ಹೆಚ್ಚುವುದು ಕಂಡರೆ, ಅದರಲ್ಲೂ ತಾಯಿಗೋ ಅಕ್ಕತಂಗಿಯರಿಗೋ ಸ್ತನ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವುದು ಜಾಣತನ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾದಾಗ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ಜನರೊಡನೆ ಕೂತು ರೋಗಲಕ್ಷಣಗಳ ಬಗ್ಗೆ ಮಾತನಾಡಿದರು. ಮಾತಿನ ಫಲವಾಗಿ ಗರ್ಭಕೊರಳಿನ ಕ್ಯಾನ್ಸರಿನ ರೋಗಿಗಳು ಮೊದಲಿಗಿಂತ ಬೇಗ ಆಸ್ಪತ್ರೆಗೆ ಬರತೊಡಗಿದರು. ಭೀಮೆಯ ಆಚೆ ಆದದ್ದು ಈಚೆಯೂ ಆಗಬಹುದು.

ಪ್ಯಾಕ್ಲಿಟ್ಯಾಕ್ಸೆಲ್ ಇಂದು ಭಾರತದಲ್ಲೇ ತಯಾರಾಗುತ್ತದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಬಡ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಗೆ ಸರ್ಕಾರದ ಆರೋಗ್ಯ ಯೋಜನೆಯ ನೆರವೂ ಇದೆ. ಆದ್ದರಿಂದ ಕಿಮೋ ಎಂದಾಗ ಹಿಂಜರಿಯುವ ತಾಯಿಗೋ ಅತ್ತೆಗೋ ಮನೆಯವರು ಧೈರ್ಯವಾಗಿ ಒಂದು ಮಾತು ಹೇಳಬಹುದು: ನೀವು ಕೇಳಿದ ಗಿಡದ ಔಷಧ ಇದೇ. ಇದು ಮರದ್ದೇ, ತೂಗಿ, ಸೋಸಿ, ಪರೀಕ್ಷೆ ಮಾಡಿ ಬಾಟಲಿಗೆ ತುಂಬಿದ್ದಾರೆ, ಅಷ್ಟೇ ವ್ಯತ್ಯಾಸ.